ತಪ್ಪನ್ನು ಒಡನೆ ಹೇಳುವ ವಿದ್ಯೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಕಂಪ್ಯೂಟರುಗಳನ್ನೂ ಅವುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕನ್ನೂ ನೋಡಿಕೊಳ್ಳುವ ಉದ್ಯೋಗದಲ್ಲಿರುವರು. ರಜೆಯಲ್ಲಿ ಕಾಣಬಂದಾಗ, ಪರೀಕ್ಷೆಗೆ ಓದಿದ್ದಕ್ಕಿಂತ ಕೆಲಸದಲ್ಲಿ ಕಲಿತದ್ದೇ ಹೆಚ್ಚೆಂದು ಅವರು ಹೇಳುವದುಂಟು. ಯಂತ್ರವನ್ನು ದೂರುವ ಮೊದಲು ತಂತಿಯನ್ನು ನೋಡಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು, ಬ್ಯಾಕಪ್ ಎಂಬ ನಕಲನ್ನು ತೆಗೆದಿಟ್ಟರೆ ಸಾಲದು, ಅದು ತೆರೆಯುವದೋ ಎಂದು ಪರೀಕ್ಷಿಸಬೇಕು. ಇವೆಲ್ಲ ಒಳ್ಳೆಯ ಪಾಠಗಳೇ. ಆದರೆ ಇವಕ್ಕೆಲ್ಲ ಬುಡವಾದ ಪಾಠವು ಬೇರೊಂದುಂಟೆಂದು ನಾವು ಬಲ್ಲೆವು.

ಹರಪನಹಳ್ಳಿಯ ಕಡೆಯ ನಮ್ಮ ವಿದ್ಯಾರ್ಥಿನಿಯೊಬ್ಬಳು ತಾನು ದುಡಿಯುತ್ತಿದ್ದ ಕಛೇರಿಯಲ್ಲಿ ಕೈತಪ್ಪಿ ಹಲವು ಕಡತಗಳನ್ನು ಅಳಿಸಿಬಿಟ್ಟಳು. ಅಂಜಿಕೆಯಿಂದ ಯಾರಿಗೂ ಹೇಳಲಿಲ್ಲ. ಆ ರಾತ್ರಿ ತಾನಾಗಿ ಆಗುವ ಬ್ಯಾಕಪ್ಪು ಹಿಂದಿನ ದಿನದ ಒಳ್ಳೆಯ ನಕಲನ್ನೂ ಅಳಿಸಿ ಅದರ ಸ್ಥಾನದಲ್ಲಿ ಕೂತಿತು. ಒಂದು ತಾಸಿನಲ್ಲಿ ಸರಿಹೋಗಬಹುದಾದದ್ದು ಹದಿನೈದು ದಿವಸದ ದುಡಿಮೆಯಾಯಿತು. ಕಛೇರಿಯವರು ಆಕೆಯನ್ನು ಬಿಡಿಸಲಿಲ್ಲ. ತಂದೆಯವರು ಬಿಡಿಸಿ ಮನೆಗೆ ಕರೆತಂದರು.

“ಏಕೆ ಹೇಳಲಿಲ್ಲ, ಮಗಳೇ?” ಎಂದು ಕೇಳಿದೆವು. “ಶಾಲೆಯಲ್ಲಿ ತಪ್ಪೊಪ್ಪಿದವಳಿಗೇ ಅಲ್ಲವೇ ಶಿಕ್ಷೆಯಾಗುತ್ತಿದ್ದದ್ದು, ಅಮ್ಮನವರೇ?” ಎಂದಳು. ಆ ಮಾತು ನಮ್ಮನ್ನು ಚುಚ್ಚಿತು. ಬಚ್ಚಿಡುವದನ್ನು ಆಕೆ ನಮ್ಮಲ್ಲಿಯೇ ಕಲಿತಿದ್ದಳು.

ಪಂಡಿತರಾದವರಿಗೂ ಕೈತಪ್ಪುವದುಂಟು. 2017ನೆಯ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಹೆಸರಾದ ಸಂಸ್ಥೆಯ ಕೆಲಸಗಾರನೊಬ್ಬನು ತಪ್ಪು ಯಂತ್ರಕ್ಕೆ ಆಜ್ಞೆಯಿತ್ತು, ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ 4.5ರಷ್ಟನ್ನು ಮಾತ್ರ ಉಳಿಸಿದನು. ದಿನವೂ ಆಗುತ್ತಿದೆಯೆಂದು ನಂಬಿದ್ದ ಬ್ಯಾಕಪ್ಪುಗಳು ಕೈಕೊಟ್ಟವು. ಆರು ತಾಸು ಮೊದಲು ಬೇರೊಂದು ಕಾರಣಕ್ಕಾಗಿ ತೆಗೆದಿದ್ದ ನಕಲೊಂದೇ ಕಾಪಾಡಿತು. ಆ ಸಂಸ್ಥೆಯವರು ನಡೆದದ್ದನ್ನು ಲೋಕಕ್ಕೆಲ್ಲ ಬರೆದು ತಿಳಿಸಿ, ಒಬ್ಬನನ್ನು ದೂರುವ ಬದಲು ತಮ್ಮ ಕ್ರಮದಲ್ಲಿದ್ದ ಕುಂದನ್ನು ತಿದ್ದಿಕೊಂಡರು.

ಇದು ದೂರದ ಮಾತೆನ್ನಬಾರದು. ಭೂಮಿ ಯೋಜನೆಯಿಂದ 2002ರ ಹೊತ್ತಿಗೆ ನಮ್ಮ ರಾಜ್ಯದ ಪಹಣಿಗಳು ಕಂಪ್ಯೂಟರನ್ನು ಸೇರಿದವು. ಕೂಡ್ಲಿಗಿ, ಹಡಗಲಿ, ಕೊಟ್ಟೂರು ಸೀಮೆಯ ರೈತನ ಎಕರೆ ಗುಂಟೆಗಳು ಇಂಥ ಯಂತ್ರಗಳಲ್ಲಿಯೇ ಇರುವವು. ಅಲ್ಲಿ ಮುಚ್ಚಿಟ್ಟ ತಪ್ಪು ಒಬ್ಬ ಹುಡುಗಿಯದಾಗಿ ಉಳಿಯದು. ಯಾರದೋ ಹೊಲದ ಮೇಲೆ ಬೀಳುವದು.

ಆದುದರಿಂದ ನಮ್ಮ ಶಾಲೆಯಲ್ಲಿ ತಾನಾಗಿ ತಪ್ಪನ್ನು ಹೇಳಿದವಳಿಗೆ ಇನ್ನು ಶಿಕ್ಷೆಯಿಲ್ಲ. ಅದನ್ನು ಸರಿಪಡಿಸುವ ಕೆಲಸ ಮಾತ್ರ ಉಂಟು. ಪೋಷಕರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ: ಮಗಳು ಕೆಲಸದಲ್ಲಿ ಎಡವಿದಳೆಂದು ಕೇಳಿದಾಗ “ಏಕೆ ಮಾಡಿದೆ?” ಎನ್ನುವ ಮೊದಲು “ಹೇಳಿದೆಯಾ?” ಎಂದು ಕೇಳಿರಿ. ಹೇಳಿದ್ದರೆ ಆಕೆ ಆ ಕೆಲಸಕ್ಕೆ ಯೋಗ್ಯಳು. ಹೇಳದಿದ್ದರೆ ಹೇಳುವದನ್ನು ಕಲಿಸಿರಿ, ಮನೆಗೆ ಕರೆತರಬೇಡಿರಿ.

ಆ ಹುಡುಗಿಯು ಇನ್ನೂ ಮನೆಯಲ್ಲಿಯೇ ಇರುವಳು. ಆಕೆಯ ತಂದೆಯವರು ಈ ಪುಟವನ್ನು ಓದುವರೆಂದು ನಂಬಿರುವೆವು.