ದುಬಾರಿಯಾಗಿರುವುದು ದತ್ತು ಪ್ರಕ್ರಿಯೆಯೇ, ಮಗುವೇ?

ಪರದೇಶದ ಮಗುವೊಂದನ್ನು ದತ್ತು ಪಡೆಯಬಯಸುವ ಅಮೆರಿಕದ ದಂಪತಿಯ ಮುಂದೆ ಇಂದು ಇಡಲಾಗುವ ಖರ್ಚಿನ ಪಟ್ಟಿ ಸಣ್ಣದೇನಲ್ಲ. ಏಜೆನ್ಸಿಯ ಶುಲ್ಕ, ಮನೆಯ ಸ್ಥಿತಿಗತಿಯ ಅಧ್ಯಯನಕ್ಕೆ ಶುಲ್ಕ, ವಲಸೆ ಇಲಾಖೆಗೆ ಕಟ್ಟಬೇಕಾದ ಅರ್ಜಿ ಹಣ, ಪ್ರತಿಯೊಂದು ಕಾಗದದ ಅನುವಾದ ಮತ್ತು ದೃಢೀಕರಣ, ಮಗುವಿನ ದೇಶದಲ್ಲಿ ವಕೀಲರ ಸಂಭಾವನೆ, ಒಂದೆರಡು ಬಾರಿಯ ವಿಮಾನಯಾನ, ವಾರಗಟ್ಟಲೆ ಹೋಟೆಲ್ ವಾಸ. ಎಲ್ಲ ಕೂಡಿದರೆ ಸಾಮಾನ್ಯವಾಗಿ 30 ಸಾವಿರದಿಂದ 50 ಸಾವಿರ ಡಾಲರ್. ನಮ್ಮ ಹಣದಲ್ಲಿ 25 ಲಕ್ಷದಿಂದ 40 ಲಕ್ಷ ರೂಪಾಯಿಗೂ ಮೀರಿದ ಮೊತ್ತ. ಹಲವು ದೇಶಗಳ ಮಟ್ಟಿಗೆ ಈ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಬಾಬತ್ತು ಇರುತ್ತಿತ್ತು: ಅನಾಥಾಲಯಕ್ಕೆ ದೇಣಿಗೆ. ಆ ಒಂದು ಸಾಲಿನ ಬಗ್ಗೆಯೇ ನಾವು ಹೆಚ್ಚು ಹೇಳಬೇಕಾಗಿದೆ.

ಈ ವೆಚ್ಚದ ಕುರಿತು ಪಶ್ಚಿಮದಲ್ಲಿ ಬಹುಕಾಲದಿಂದ ಒಂದು ದೂರು ಕೇಳಿ ಬರುತ್ತಿದೆ. ಮಕ್ಕಳಿಲ್ಲದ ದಂಪತಿಗಳ ಮಡಿಲು ಬರಿದಾಗಿದೆ, ಲೋಕದ ಅನಾಥಾಲಯಗಳು ತುಂಬಿ ತುಳುಕುತ್ತಿವೆ, ಇವರಿಬ್ಬರ ನಡುವೆ ನಿಂತಿರುವ ಗೋಡೆ ಹಣ ಮತ್ತು ನಿಯಮಾವಳಿ. ಆದ್ದರಿಂದ ಸರಕಾರ ತೆರಿಗೆ ವಿನಾಯಿತಿ ನೀಡಲಿ, ನಿಯಮ ಸಡಿಲಿಸಲಿ, ಅನಾಥ ಮಕ್ಕಳಿಗೆ ಮನೆ ಸಿಗಲಿ ಎಂಬುದು ಆ ದೂರಿನ ಸಾರ. ಕೇಳಲು ಕರುಣಾಪೂರ್ಣವಾದ ಮಾತು. ಆದರೆ ಇದು ತಲೆಕೆಳಗಾದ ತರ್ಕ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಗಡಿ ದಾಟುವ ಆ ಹಣ ಮಗುವಿಗೂ ಮನೆಗೂ ನಡುವಿನ ಅಡ್ಡಿಯಾಗಿರಲಿಲ್ಲ. ಅನೇಕ ಕಡೆಗಳಲ್ಲಿ ಮಗುವನ್ನು ಅದರ ಸ್ವಂತ ಮನೆಯಿಂದ ಎಳೆದು ಹೊರಗೆ ತಂದದ್ದೇ ಆ ಹಣ.

ವೆಚ್ಚ ಏರಿದ್ದಕ್ಕೆ ನ್ಯಾಯವಾದ ಕಾರಣಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. 2004ರಲ್ಲಿ ಸುಮಾರು 23 ಸಾವಿರ ವಿದೇಶೀ ಮಕ್ಕಳು ದತ್ತುವಿನ ಮೂಲಕ ಅಮೆರಿಕವನ್ನು ಪ್ರವೇಶಿಸಿದ್ದರು. 2023ರ ಹೊತ್ತಿಗೆ ಆ ಸಂಖ್ಯೆ 1,275ಕ್ಕೆ ಕುಸಿಯಿತು. ಏಜೆನ್ಸಿಗಳ ಕಚೇರಿ ಬಾಡಿಗೆ, ಸಿಬ್ಬಂದಿ ಸಂಬಳ, ವಿಮೆಯ ಹೊರೆಯೆಲ್ಲ ಬೆರಳೆಣಿಕೆಯ ಕುಟುಂಬಗಳ ಮೇಲೆ ಬಿತ್ತು. ವಲಸೆ ಇಲಾಖೆಯ ಅರ್ಜಿ ಶುಲ್ಕ 2024ರಲ್ಲಿ 775 ಡಾಲರ್‌ನಿಂದ 920ಕ್ಕೆ ಏರಿತು. ಕಾಯುವ ಅವಧಿ ದೀರ್ಘವಾದಂತೆ ಮನೆಯ ಅಧ್ಯಯನದ ವರದಿ ಅವಧಿ ಮೀರಿ, ಮತ್ತೊಮ್ಮೆ ಹಣ ಕಟ್ಟಿ ಹೊಸದನ್ನು ಮಾಡಿಸಬೇಕಾಗುತ್ತದೆ. 1993ರ ಹೇಗ್ ಒಪ್ಪಂದ ಅಮೆರಿಕಕ್ಕೆ ಅನ್ವಯವಾದದ್ದು 2008ರಲ್ಲಿ. ಅಂದಿನಿಂದ ಏಜೆನ್ಸಿಗಳಿಗೆ ಮಾನ್ಯತೆ, ತಪಾಸಣೆ, ದಾಖಲೆ ಪಾಲನೆಯ ಖರ್ಚೂ ಸೇರಿತು. ಪರೀಕ್ಷಿಸಿ ನೋಡುವುದಕ್ಕೆ ಹಣ ಬೇಕು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ವಿಪರ್ಯಾಸವೆಂದರೆ, ಹೊರೆಯಾಯಿತೆಂದು ಕೂಗೆದ್ದಿರುವುದು ಈ ಪರೀಕ್ಷೆಯ ಖರ್ಚಿನ ವಿರುದ್ಧವೇ. ಪರೀಕ್ಷೆಯೇ ಇಲ್ಲದ ಕಾಲದಲ್ಲಿ ಗಡಿಯಾಚೆಗೆ ಹರಿದ ಹಣ ಎಲ್ಲಿಗೆ ಹೋಯಿತೆಂದು ಕೇಳುವವರು ಕಡಿಮೆ.

ಆ ಹಣ ಎಲ್ಲಿಗೆ ಹೋಯಿತೆಂಬುದಕ್ಕೆ ಕಾಂಬೋಡಿಯಾ ಒಂದು ನಿದರ್ಶನ. 1997ರಿಂದ 2001ರವರೆಗೆ ಅಲ್ಲಿಂದ ನೂರಾರು ಶಿಶುಗಳನ್ನು ಅಮೆರಿಕದ ಕುಟುಂಬಗಳಿಗೆ ತಲುಪಿಸಿದ ಮಧ್ಯವರ್ತಿ ಮಹಿಳೆಯೊಬ್ಬಳು ಪ್ರತಿ ಮಗುವಿಗೆ ಸುಮಾರು ಹತ್ತು ಸಾವಿರ ಡಾಲರ್ ಪಡೆಯುತ್ತಿದ್ದಳು. ಹೆತ್ತ ತಾಯಂದಿರಿಗೆ ಸಿಕ್ಕಿದ್ದು ಬಿಡಿಗಾಸು. ಜೊತೆಗೆ, ಮಗು ಮುಂದೆ ನಿಮ್ಮನ್ನು ಸಾಕುತ್ತದೆಂಬ ಭರವಸೆ. 2001ರ ಡಿಸೆಂಬರ್‌ನಲ್ಲಿ ಅಮೆರಿಕ ಸರಕಾರ ಕಾಂಬೋಡಿಯಾದ ದತ್ತುಗಳನ್ನು ನಿಲ್ಲಿಸಿತು. 2004ರಲ್ಲಿ ಆಕೆಗೆ 18 ತಿಂಗಳ ಸೆರೆವಾಸವಾಯಿತು. ಯಾವ ಅಪರಾಧಕ್ಕಾಗಿ? ಮಗುವನ್ನು ಕೊಂಡದ್ದಕ್ಕಲ್ಲ. ವೀಸಾ ವಂಚನೆ ಮತ್ತು ಅಕ್ರಮ ಹಣ ಚಲಾವಣೆಗಾಗಿ. ಸುಳ್ಳು ಕಾಗದ ಅಪರಾಧವಾಯಿತು, ಕಪ್ಪು ಹಣ ಅಪರಾಧವಾಯಿತು. ತಾಯಿಯ ಮಡಿಲಿನಿಂದ ಮಗುವನ್ನು ಖರೀದಿಸಿದ್ದು ಆ ಆರೋಪಪಟ್ಟಿಯಲ್ಲಿ ಜಾಗ ಪಡೆಯಲಿಲ್ಲ! ನಾಗರಿಕತೆಯ ಪಾಠ ಹೇಳುವ ದೇಶದ ಕಾನೂನು ಪುಸ್ತಕದಲ್ಲಿ ಇದಕ್ಕೊಂದು ಹೆಸರು ಇರಲಿಲ್ಲವೆಂದರೆ ಏನೆನ್ನಬೇಕು?

ಕಾಂಬೋಡಿಯಾದಲ್ಲಿ ವ್ಯಕ್ತಿಯೊಬ್ಬಳ ದುರಾಸೆಯನ್ನು ದೂರಬಹುದು. ಚೀನಾದಲ್ಲಿ ಹಾಗೆ ಹೇಳಲು ಬರುವುದಿಲ್ಲ, ಅಲ್ಲಿ ದರವನ್ನು ನಿಗದಿ ಮಾಡಿದ್ದು ವ್ಯವಸ್ಥೆಯೇ. 1992ರಲ್ಲಿ ವಿದೇಶೀ ದತ್ತುವಿಗೆ ಬಾಗಿಲು ತೆರೆದ ಆ ದೇಶದಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಹೊರಹೋದರು. ಪ್ರತಿ ಕುಟುಂಬವೂ ಅನಾಥಾಲಯಕ್ಕೆ ಮೂರು ಸಾವಿರ ಡಾಲರ್ 'ದೇಣಿಗೆ' ಸಲ್ಲಿಸಬೇಕಿತ್ತು. ಕಡ್ಡಾಯವಾದದ್ದು ದೇಣಿಗೆ ಹೇಗಾಗುತ್ತದೆಂಬ ಪ್ರಶ್ನೆ ಇರಲಿ. ಹಳ್ಳಿಯೊಂದರ ಅನಾಥಾಲಯಕ್ಕೆ ಅದು ದೊಡ್ಡ ಹಣ. ಒಂದು ಮಗು ಹೊರಟರೆ ಮೂರು ಸಾವಿರ ಡಾಲರ್ ಬರುತ್ತದೆಂದಾದಾಗ, ಮುಂದಿನ ಮಗು ಬೇಗ ಸಿಗಬೇಕೆಂಬ ಆತುರ ಹುಟ್ಟದಿರುತ್ತದೆಯೇ? 2005ರಲ್ಲಿ ಹುನಾನ್ ಪ್ರಾಂತ್ಯದ ಹೆಂಗ್‌ಯಾಂಗ್‌ನಲ್ಲಿ ದಲ್ಲಾಳಿಗಳು ಪಕ್ಕದ ಪ್ರಾಂತ್ಯದಿಂದ ಶಿಶುಗಳನ್ನು ತಂದು ಅನಾಥಾಲಯಗಳಿಗೆ ಮಾರುತ್ತಿದ್ದುದು ಬಯಲಾಯಿತು. ಮರುವರ್ಷ ನ್ಯಾಯಾಲಯ ಹತ್ತು ಮಂದಿಯನ್ನು ಶಿಕ್ಷಿಸಿತು. 2011ರಲ್ಲಿ ಅಲ್ಲಿನ ಕೈಶಿನ್ ಪತ್ರಿಕೆ ಅದೇ ಪ್ರಾಂತ್ಯದ ಲಾಂಗ್‌ಹುಯಿಯಿಂದ ಇನ್ನೂ ಘೋರವಾದ ವರದಿಯನ್ನು ತಂದಿತು: ಜನನ ನಿಯಂತ್ರಣದ ನಿಯಮ ಮುರಿದು ದಂಡ ಕಟ್ಟಲಾಗದ ರೈತರ ಕೂಸುಗಳನ್ನು ಅಧಿಕಾರಿಗಳೇ ಕಿತ್ತೊಯ್ದು ಅನಾಥಾಲಯಕ್ಕೆ ಒಪ್ಪಿಸಿದ್ದರು. ತಂದೆ ತಾಯಿ ಇಬ್ಬರೂ ಬದುಕಿದ್ದ ಆ ಮಕ್ಕಳು ಕಾಗದದ ಮೇಲೆ ಅನಾಥರಾದರು. 2024ರಲ್ಲಿ ಚೀನಾ ವಿದೇಶೀ ದತ್ತುವನ್ನೇ, ಹತ್ತಿರದ ಬಂಧುಗಳ ಹೊರತಾಗಿ, ಕೊನೆಗೊಳಿಸಿತು.

ಗ್ವಾಟೆಮಾಲಾದಲ್ಲಂತೂ ನ್ಯಾಯಾಧೀಶರ ಆದೇಶವೂ ಬೇಕಿರಲಿಲ್ಲ, ಖಾಸಗಿ ನೋಟರಿಯೊಬ್ಬರು ಸಾಕಾಗಿತ್ತು. ಒಂದು ಮಗುವಿಗೆ 25 ರಿಂದ 30 ಸಾವಿರ ಡಾಲರ್. 2007ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶ 4,700ರಷ್ಟು ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿತು. ಅಲ್ಲಿ ಹುಟ್ಟುವ ಪ್ರತಿ ನೂರು ಶಿಶುಗಳಲ್ಲಿ ಒಂದು ಎಂಬ ಲೆಕ್ಕ. ಕದ್ದ ಮಗುವಿಗೆ ಬಾಡಿಗೆಯ ತಾಯಂದಿರು ರುಜು ಹಾಕಿದರು. ಆ ವರ್ಷದ ಕೊನೆಗೆ ಹೊಸ ಕಾನೂನು ಬಂದು ನೋಟರಿಗಳ ಕೈಯಿಂದ ಈ ವ್ಯವಹಾರ ತಪ್ಪಿದಾಗ ಹೊರಹೋಗುವ ಮಕ್ಕಳ ಪ್ರವಾಹವೂ ಬತ್ತಿತು. ಅನಾಥರ ಸಂಖ್ಯೆ ಒಮ್ಮೆಲೇ ಕಡಿಮೆಯಾಯಿತೇ? ಇಲ್ಲ. ಮಗುವನ್ನು ಹುಡುಕಿ ತರುವವನಿಗೆ ಸಿಗುತ್ತಿದ್ದ ಹಣ ನಿಂತಿತು.

ಇದು ಅನ್ಯದೇಶಗಳ ಕಥೆಯೆಂದು ನಾವು ನಿಟ್ಟುಸಿರುಬಿಡುವಂತಿಲ್ಲ. 1984ರಲ್ಲೇ ನಮ್ಮ ಸುಪ್ರೀಂ ಕೋರ್ಟ್, ವಕೀಲ ಲಕ್ಷ್ಮೀಕಾಂತ ಪಾಂಡೆಯವರು ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ, ವಿದೇಶೀ ದತ್ತುವಿಗೆ ಕಟ್ಟುನಿಟ್ಟಿನ ಮಾರ್ಗಸೂಚಿಯನ್ನು ನೀಡಿತ್ತು. ಆದರೂ 1999 ಮತ್ತು 2001ರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ ಬಯಲಾದ ಹಗರಣಗಳು ಏನನ್ನು ತೋರಿಸಿದವು? ಲಂಬಾಣಿ ತಾಂಡಾಗಳಿಂದ ಹೆಣ್ಣು ಶಿಶುಗಳನ್ನು ಅತ್ಯಲ್ಪ ಹಣಕ್ಕೆ ಕೊಂಡು, ಹೈದರಾಬಾದಿನ ಸಂಸ್ಥೆಗಳ ಮೂಲಕ ಡಾಲರ್‌ಗಳಿಗೆ ಸಾಗಿಸಲಾಗುತ್ತಿತ್ತು. 2005ರಲ್ಲಿ ಚೆನ್ನೈ ಪೊಲೀಸರು ಪತ್ತೆಹಚ್ಚಿದ ಜಾಲ, ಬಡವರ ಕೇರಿಗಳಿಂದ ಕದ್ದ ಮಕ್ಕಳನ್ನು ದತ್ತು ಸಂಸ್ಥೆಯೊಂದಕ್ಕೆ ಮಾರಿತ್ತು. ಆ ಮಕ್ಕಳಲ್ಲಿ ಕೆಲವರು ಆಸ್ಟ್ರೇಲಿಯಾ, ನೆದರ್ಲೆಂಡ್ಸ್‌ಗಳಲ್ಲಿ ಬೇರೆ ಹೆಸರಿನಲ್ಲಿ ಬೆಳೆದರು. ಆಂಧ್ರದ ಹಗರಣದ ಬಿಸಿಯನ್ನು ದತ್ತು ತಂದೆಯಾಗಿ ಸ್ವತಃ ಅನುಭವಿಸಿದ ಅಮೆರಿಕದ ಕಾನೂನು ಪ್ರಾಧ್ಯಾಪಕ ಡೇವಿಡ್ ಸ್ಮೊಲಿನ್ ಇದನ್ನು ಮಕ್ಕಳ ಲಾಂಡರಿಂಗ್ ಎಂದು ಕರೆದರು. ಕಪ್ಪು ಹಣವನ್ನು ಬ್ಯಾಂಕಿನಲ್ಲಿ ತೊಳೆದು ಬಿಳಿ ಮಾಡುವಂತೆ, ಕದ್ದ ಮಗುವನ್ನು ಕಾಗದದಲ್ಲಿ ತೊಳೆದು 'ಅನಾಥ' ಮಾಡುವುದು. ಇದಕ್ಕಿಂತ ಸರಿಯಾದ ಪದ ನಮಗೂ ತೋಚುವುದಿಲ್ಲ.

ನ್ಯಾಯದ ದೃಷ್ಟಿಯಿಂದ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಇಂದು ಕೇಂದ್ರೀಯ ದತ್ತು ಪ್ರಾಧಿಕಾರದ ಮೂಲಕ ನಡೆಯುವ ಪ್ರಕ್ರಿಯೆಯಲ್ಲಿ ದೇಶದೊಳಗಿನವರಿಗೇ ಆದ್ಯತೆಯಿದೆ. 2024-25ರಲ್ಲಿ ನಡೆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವು. ಆದರೆ ಶುಲ್ಕದ ಕೋಷ್ಟಕವನ್ನು ನೋಡಿ. 2017ರ ನಿಯಮಾವಳಿಯ ಪ್ರಕಾರ ದೇಶದೊಳಗಿನ ದಂಪತಿ ಶಿಶುಪಾಲನಾ ನಿಧಿಗೆ ಸಲ್ಲಿಸಬೇಕಾಗಿದ್ದುದು 40 ಸಾವಿರ ರೂಪಾಯಿ, ಪರದೇಶದವರು ಐದು ಸಾವಿರ ಡಾಲರ್. ಅದೇ ಮಗು, ಅದೇ ತೊಟ್ಟಿಲು, ಅದೇ ಹಾಲು. ದರ ಮಾತ್ರ ಎರಡು. ಹೇಗ್ ಒಪ್ಪಂದದ 32ನೆಯ ವಿಧಿ ಯಾರೂ ಅನುಚಿತ ಲಾಭ ಪಡೆಯಬಾರದು ಎನ್ನುತ್ತದೆ, ಸಮಂಜಸ ವೆಚ್ಚಕ್ಕೆ ಅನುಮತಿ ನೀಡುತ್ತದೆ. ಶ್ರೀಮಂತ ರಾಷ್ಟ್ರದವನಿಗೆ ಸಮಂಜಸವೆನಿಸಿದ್ದು ಬಡ ಜಿಲ್ಲೆಯೊಂದರಲ್ಲಿ ಸಂಪತ್ತಾಗುತ್ತದೆಂಬುದನ್ನು ಒಪ್ಪಂದ ಬರೆದವರು ಯೋಚಿಸಲಿಲ್ಲವೇ?

ಇನ್ನು ತುಂಬಿ ತುಳುಕುವ ಅನಾಥಾಲಯಗಳ ಮಾತು. ಲೋಕದಲ್ಲಿ 14 ಕೋಟಿ ಅನಾಥರಿದ್ದಾರೆಂಬ ಸಂಖ್ಯೆಯನ್ನು ಈ ವಾದದವರು ಪದೇ ಪದೇ ಮುಂದಿಡುತ್ತಾರೆ. ಅದು ಯುನಿಸೆಫ್‌ನ 2015ರ ಅಂದಾಜು. ತಂದೆ ಅಥವಾ ತಾಯಿ, ಒಬ್ಬರನ್ನು ಕಳೆದುಕೊಂಡ ಮಗುವೂ ಅದರಲ್ಲಿ ಸೇರಿದೆ. ಇಬ್ಬರನ್ನೂ ಕಳೆದುಕೊಂಡವರು ಸುಮಾರು ಒಂದೂವರೆ ಕೋಟಿ. ಅವರಲ್ಲೂ ಬಹುಪಾಲು ಮಕ್ಕಳು ಅಜ್ಜಿ, ಚಿಕ್ಕಪ್ಪ, ಅಕ್ಕಂದಿರ ಆಸರೆಯಲ್ಲಿದ್ದಾರೆ. ಮದ್ರಸಾದಲ್ಲಿ ಫಿಕ್ಹ್ ಓದುವಾಗ ನಾವು ಕಲಿತ ವ್ಯಾಖ್ಯೆಯಲ್ಲಿ ಯತೀಮ್ ಎಂದರೆ ಪ್ರಾಯಕ್ಕೆ ಬರುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗು. ಅಂದರೆ ತಾಯಿ ಬದುಕಿರಬಹುದೆಂಬುದು ಆ ಪದದೊಳಗೇ ಇದೆ. ಅನಾಥನನ್ನು ಪೋಷಿಸುವುದೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ಆ ವಿಧವೆಯ ಒಲೆ ಆರದಂತೆ ನೋಡಿಕೊಳ್ಳುವುದು. ಮಗುವಿನ ವಂಶನಾಮವನ್ನು ಅಳಿಸದೆ, ಪಿತ್ರಾರ್ಜಿತದ ಹಕ್ಕನ್ನು ಕೆಡಿಸದೆ ಪೋಷಣೆಯ ಹೊಣೆ ಹೊರುವ ಕಫಾಲವನ್ನು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ತನ್ನ 20ನೆಯ ವಿಧಿಯಲ್ಲಿ ಹೆಸರಿಸಿಯೇ ಮಾನ್ಯ ಮಾಡಿದೆ.

ಈಗ ಅಮೆರಿಕದ ತೆರಿಗೆ ರಿಯಾಯಿತಿಯನ್ನು ನೋಡೋಣ. 1997ರಲ್ಲಿ ಒಂದು ದತ್ತುವಿಗೆ ಗರಿಷ್ಠ ಐದು ಸಾವಿರ ಡಾಲರ್ ಇದ್ದದ್ದು, 2002ರಲ್ಲಿ ಹತ್ತು ಸಾವಿರವಾಗಿ, 2025ರಲ್ಲಿ 17,280 ಡಾಲರ್‌ಗೆ ಏರಿದೆ. ಹತ್ತಿರ ಹತ್ತಿರ 15 ಲಕ್ಷ ರೂಪಾಯಿ. ಮಗುವನ್ನು ಒಯ್ಯುವವನಿಗೆ ಇಷ್ಟನ್ನು ಬಿಟ್ಟುಕೊಡುವ ಔದಾರ್ಯವಿರುವ ಜಗತ್ತಿನಲ್ಲಿ, ಅದೇ ಮಗುವನ್ನು ತನ್ನ ಬಳಿಯೇ ಇಟ್ಟುಕೊಳ್ಳಲು ತಾಯಿಗೆ ಒಂದು ಮೇಕೆ, ಒಂದು ಹೊಲಿಗೆ ಯಂತ್ರ, ಒಂದು ವರ್ಷದ ಅಕ್ಕಿ ಕೊಡುವ ಬಾಬತ್ತು ಯಾವ ಪಟ್ಟಿಯಲ್ಲಿದೆ?

2007ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಸಂಘಟನೆಯೊಂದು ಆಫ್ರಿಕಾದ ಚಾಡ್ ದೇಶದಿಂದ 103 ಮಕ್ಕಳನ್ನು ವಿಮಾನದಲ್ಲಿ ಸಾಗಿಸಲು ಹೊರಟು ಸಿಕ್ಕಿಬಿದ್ದ ಘಟನೆ ನೆನಪಿರಬಹುದು. ದಾರ್ಫುರ್ ಯುದ್ಧದ ಅನಾಥರೆಂದು ಹೇಳಲಾಗಿದ್ದ ಆ ಮಕ್ಕಳಲ್ಲಿ ಹೆಚ್ಚಿನವರು ಚಾಡ್‌ನವರೇ, ಪೋಷಕರು ಬದುಕಿದ್ದವರೇ. ಶಾಲೆಗೆ ಸೇರಿಸುತ್ತೇವೆಂದು ನಂಬಿಸಿ ಕರೆತರಲಾಗಿತ್ತು. ಅತ್ತ ಯುರೋಪಿನ ಕುಟುಂಬಗಳು ಸಾವಿರಾರು ಯೂರೋ ಕೊಟ್ಟು ಕಾದಿದ್ದವು. ನಮ್ಮಲ್ಲಿ ಅನೇಕರು ಅಂಥ ಘಟನೆಗಳಲ್ಲಿ ಮತಾಂತರದ ಸಂಚನ್ನು ಮಾತ್ರ ಕಾಣುತ್ತಾರೆ. ಆದರೆ ಮಗನಿಗೆ ನಾಲ್ಕಕ್ಷರ ಕಲಿಸುತ್ತಾರೆಂಬ ಮಾತಿಗೆ ಅಪರಿಚಿತರ ಕೈಗೆ ಮಗುವನ್ನು ಒಪ್ಪಿಸುವಷ್ಟು ಆ ತಂದೆ ಏಕೆ ಅಸಹಾಯಕನಾಗಿದ್ದ ಎಂದು ಕೇಳಿದವರೆಷ್ಟು? ಅಷ್ಟು ದೂರ ಹೋಗುವುದು ಬೇಡ. ನಮ್ಮ ಪಟ್ಟಣಗಳ ಯತೀಮ್‌ಖಾನೆಗಳಲ್ಲಿ ತಾಯಿ ಬದುಕಿರುವ ಮಕ್ಕಳೆಷ್ಟು, ಒಂದು ಮಗುವಿನ ಹೆಸರಿನಲ್ಲಿ ವರ್ಷಕ್ಕೆ ಬರುವ ಹಣವೆಷ್ಟು, ಅದರ ಅರ್ಧ ಸಿಕ್ಕಿದ್ದರೆ ಆ ತಾಯಿ ಮಗುವನ್ನು ಮನೆಯಲ್ಲೇ ಸಾಕುತ್ತಿರಲಿಲ್ಲವೇ ಎಂದು ಆಡಳಿತ ಸಮಿತಿಗಳು ತಾವೇ ಲೆಕ್ಕ ಹಾಕಿ ನೋಡಲಿ.

ನಿಜವಾಗಿಯೂ ಯಾರೂ ಇಲ್ಲದ, ಅಂಗವೈಕಲ್ಯದ ಕಾರಣಕ್ಕೆ ತನ್ನ ನಾಡಿನಲ್ಲಿ ಯಾರಿಗೂ ಬೇಡವಾದ ಮಗುವಿನ ಗತಿಯೇನೆಂದು ಕೇಳುವವರಿಗೆ ನಮ್ಮಲ್ಲಿ ಒರಟು ಉತ್ತರವಿಲ್ಲ. ಕೊನೆಯ ವರ್ಷಗಳಲ್ಲಿ ಚೀನಾದಿಂದ ಹೋದ ಮಕ್ಕಳಲ್ಲಿ ಬಹಳಷ್ಟು ಮಂದಿ ಅಂಥವರೇ. 2024ರ ನಿರ್ಧಾರದಿಂದ ಮಗುವಿನ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡು ಕಾದಿದ್ದ ನೂರಾರು ಕುಟುಂಬಗಳು ಕಂಗಾಲಾದವು. ಅಂಥ ಮಗುವಿಗೆ ಕಡಲಾಚೆ ಮನೆ ಸಿಗುವುದಾದರೆ ಸಿಗಲಿ. ಆದರೆ ಆಗ ಖರ್ಚನ್ನು ಎರಡೂ ಸರಕಾರಗಳು ಹೊರಲಿ. ಆ ಮಗು ಹೊರಟಿತೆಂಬ ಕಾರಣಕ್ಕೆ ಒಬ್ಬ ವಕೀಲನಿಗೂ, ಒಂದು ಅನಾಥಾಲಯಕ್ಕೂ ಒಂದು ಪೈಸೆ ಹೆಚ್ಚು ಸಿಗದಿರಲಿ. ಹಾಗೆ ಮಾಡಿದರೆ ಎಷ್ಟು ಏಜೆನ್ಸಿಗಳು ಉಳಿಯುತ್ತವೆ ಎಂದು ನೋಡಬಹುದು.

ಇನ್ನೊಂದು ವೆಚ್ಚವಿದೆ, ಅದನ್ನು ಯಾವ ಏಜೆನ್ಸಿಯೂ ಪಟ್ಟಿಯಲ್ಲಿ ತೋರಿಸುವುದಿಲ್ಲ. ದಕ್ಷಿಣ ಕೊರಿಯಾ ಕಳೆದ ಏಳು ದಶಕಗಳಲ್ಲಿ ಸುಮಾರು ಎರಡು ಲಕ್ಷ ಮಕ್ಕಳನ್ನು ಹೊರದೇಶಗಳಿಗೆ ಕಳುಹಿಸಿದೆ. ಹೆತ್ತವರಿದ್ದ ಮಕ್ಕಳನ್ನು ಪರಿತ್ಯಕ್ತರೆಂದು ದಾಖಲಿಸಲಾಯಿತು, ಒಂದು ಮಗುವಿನ ಗುರುತನ್ನು ಇನ್ನೊಂದಕ್ಕೆ ಅಂಟಿಸಲಾಯಿತು, ಸರಕಾರ ಕಣ್ಣು ಮುಚ್ಚಿ ಕುಳಿತಿತ್ತು ಎಂದು ಆ ದೇಶದ ಸತ್ಯಶೋಧನಾ ಆಯೋಗವೇ 2025ರ ಮಾರ್ಚ್‌ನಲ್ಲಿ ಹೇಳಿತು. ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲೀ ಜೇ ಮ್ಯುಂಗ್ ಕ್ಷಮೆ ಯಾಚಿಸಿದರು. ಅಂದು ಕೂಸುಗಳಾಗಿದ್ದವರ ತಲೆಗೂದಲು ಇಂದು ನೆರೆತಿದೆ. ತಾವೇ ಟಿಕೆಟ್ಟಿನ ಹಣ ಹೊಂದಿಸಿ, ಭಾಷೆ ಬಾರದ ಹುಟ್ಟೂರಿಗೆ ದುಭಾಷಿಯೊಂದಿಗೆ ಬಂದು, ಪೊಲೀಸ್ ಠಾಣೆಯಲ್ಲಿ ಡಿಎನ್‌ಎ ಮಾದರಿ ಕೊಟ್ಟು ಹೋಗುತ್ತಾರೆ. 2020ರಿಂದ ಹೊರದೇಶಗಳಲ್ಲಿರುವ ಕೊರಿಯಾದ ದೂತಾವಾಸಗಳಲ್ಲೂ ಆ ಮಾದರಿಯನ್ನು ಸ್ವೀಕರಿಸಲಾಗುತ್ತಿದೆ. ಈಚೆ ಕಡೆಯಿಂದ ಒಬ್ಬ ಮುದುಕಿಯೂ ಬಂದು ತನ್ನ ಮಾದರಿ ಕೊಟ್ಟಿದ್ದರೆ ಮಾತ್ರ ಎರಡೂ ಹೊಂದುತ್ತವೆ.