ಮುಪ್ಪಲ್ಲ, ಬರಿಯ ಮಲಬದ್ಧತೆ

ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿ ದಂಡೋತಿಯ ಸೇತುವೆಯನ್ನು ಮುಳುಗಿಸಿತೆಂದರೆ, ಆ ದಾರಿಯ ವಾಹನಗಳೆಲ್ಲ ನಿಂತಲ್ಲಿಯೇ ನಿಲ್ಲುತ್ತವೆ. ಅಂಥದೊಂದು ದಿನವೇ ತೊಗರಿಯ ಬೆಳೆವಿಮೆಗೆ ಅರ್ಜಿ ಹಾಕುವ ಕಡೆಯ ದಿನವೂ ಆಗಿದೆಯೆಂದು ಊಹಿಸಿಕೊಳ್ಳಬಹುದು. ಊರಿನ ಜೆರಾಕ್ಸ್ ಅಂಗಡಿಯ ಮುಂದೆ ಪಹಣಿ ಹಿಡಿದ ರೈತರ ಸಾಲು. ಒಳಗೆ ಗಣಕಯಂತ್ರದ ಪರದೆಯ ಮೇಲೆ ಸುತ್ತುತ್ತಿರುವ ಒಂದು ಚಕ್ರ. ನಾಲ್ಕು ವರ್ಷದ ಹಿಂದೆ ಗುಂಡಿಯೊತ್ತಿದೊಡನೆ ಎದ್ದು ನಿಲ್ಲುತ್ತಿದ್ದ ಯಂತ್ರ ಈಗ ಒಂದು ಕಾಗದ ತೆರೆಯುವುದಕ್ಕೂ ಮೀನಮೇಷ ಎಣಿಸುತ್ತದೆ.

“ಯಾಕೋ ತಮ್ಮಾ, ನಿನ್ನ ಮಷಿನಿಗೂ ನನ್ನಂಗ ವಯಸ್ಸಾಗ್ಯಾದೇನು?” ಎನ್ನುತ್ತಾನೆ ಸಾಲಿನ ಮುದುಕ.

“ಹೊಸಾದು ತರಬೇಕು ಮುತ್ಯಾ” ಎನ್ನುತ್ತಾನೆ ಅಂಗಡಿಯ ಹುಡುಗ.

ಪಟ್ಟಣದ ರಿಪೇರಿಯವರಲ್ಲಿಯೂ ಅನೇಕರು ಹೇಳುವುದು ಇದನ್ನೇ. ರೋಗವನ್ನು ನೋಡದೆ ರೋಗಿಯನ್ನೇ ಬದಲಾಯಿಸುವ ಈ ವೈದ್ಯ ಸುಲಭವೇನೋ ಹೌದು. ಆದರೆ ಖರ್ಚು ಮುದುಕನ ಕಡೆಯವರದೇ.

ಎಸ್‌ಎಸ್‌ಡಿ ಎಂಬ ಈ ಸ್ಮೃತಿಸಾಧನದಲ್ಲಿ ಹಳೆಯ ಹಾರ್ಡ್ ಡಿಸ್ಕಿನಂತೆ ತಿರುಗುವ ತಟ್ಟೆಯಿಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಷ್ ಸ್ಮೃತಿಯೇ ಇದರ ಜೀವಾಳ. ಅದಕ್ಕೊಂದು ವಿಚಿತ್ರ ಗುಣವಿದೆ. ಅದೇ ಕಾಗಿಣೆಯ ದಡದ ಮಳಖೇಡ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟ, ನೆನಪಿಗೆ ತರುವ ಶಿಲಾಶಾಸನದ ಗುಣ ಅದು. ಕಲ್ಲಿನ ಮೇಲೆ ಕೊರೆದುದರ ಮೇಲೆಯೇ ಮತ್ತೆ ಕೊರೆಯಲಾಗದು; ಮುಖವನ್ನೆಲ್ಲ ಕೆತ್ತಿ ನುಣುಪು ಮಾಡಬೇಕು. ಫ್ಲ್ಯಾಷ್‌ನಲ್ಲಿಯೂ ಬರೆಯುವುದು ಪುಟಪುಟವಾಗಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡಿಯ ಕಟ್ಟನ್ನು ಒಮ್ಮೆಗೇ. ಆದುದರಿಂದ ತಿದ್ದಿದ ಪುಟವನ್ನು ಸಾಧನ ಬೇರೆ ಬರಿದಾದ ಕಡೆ ಬರೆದು, ಹಳೆಯದನ್ನು ಕಸವೆಂದು ಗುರುತಿಸಿಡುತ್ತದೆ. ಬರಿದಾದ ಕಟ್ಟುಗಳು ಮುಗಿದಾಗ ಪೀಕಲಾಟ ಪ್ರಾರಂಭ: ಕಸದ ನಡುವಿನ ಬೇಕಾದ ಪುಟಗಳನ್ನು ಆರಿಸಿ ಬೇರೆಡೆ ನಕಲು ಮಾಡಿ, ಕಟ್ಟನ್ನು ಅಳಿಸಿ, ಅನಂತರ ಮುದುಕನ ಅರ್ಜಿಯನ್ನು ಬರೆಯಬೇಕು. ಒಂದು ಬರೆಹಕ್ಕೆ ಹತ್ತು ಬರೆಹದ ಶ್ರಮ.

ಇನ್ನೊಂದು ತೊಡಕು. ಯಜಮಾನ ಒಂದು ಕಡತವನ್ನು ಅಳಿಸಿದಾಗ ಗಣಕಯಂತ್ರ ತನ್ನ ವಿಷಯಸೂಚಿಯಿಂದ ಅದರ ಹೆಸರನ್ನಷ್ಟೇ ತೆಗೆಯುತ್ತದೆ. ಎಸ್‌ಎಸ್‌ಡಿಗೆ ಆ ಸುದ್ದಿಯೇ ಮುಟ್ಟದಿದ್ದರೆ, ಸತ್ತ ಪುಟಗಳನ್ನೂ ಅದು ಭಕ್ತಿಯಿಂದ ಹೊತ್ತು ತಿರುಗುತ್ತದೆ. 2008ರಲ್ಲಿ ಬಂದ ಇಂಟೆಲ್‌ನ ಎಕ್ಸ್25-ಎಂ ಬಳಸಿದಂತೆ ನಿಧಾನವಾಗುವುದು ಮರುವರ್ಷ ಬಯಲಾಗಿ, ಸಂಸ್ಥೆ ಅದರ ಒಳತಂತ್ರಾಂಶವನ್ನು ತಿದ್ದಬೇಕಾಯಿತು. 2009ರಲ್ಲಿಯೇ ವಿಂಡೋಸ್ 7, ‘ಟ್ರಿಮ್’ ಎಂಬ ಆಜ್ಞೆಯಿಂದ ಈ ಪುಟಗಳು ಬೇಡವೆಂದು ಎಸ್‌ಎಸ್‌ಡಿಗೆ ತಿಳಿಸುವ ಪದ್ಧತಿಯನ್ನು ತಂದಿತು.

ಓದುವುದೇ ನಿಧಾನವಾದ ಪ್ರಸಂಗವೂ ಉಂಟು. ಸ್ಯಾಮ್‌ಸಂಗ್‌ನ 840 ಇವೊ ಹೊಸದಾಗಿ ಬರೆದುದನ್ನು ಚುರುಕಾಗಿ ಓದುತ್ತಿತ್ತು. ತಿಂಗಳುಗಟ್ಟಲೆ ಮುಟ್ಟದ ಕಡತಗಳಲ್ಲಿ ತಡವರಿಸುತ್ತಿತ್ತು. ಒಂದೊಂದು ಕೋಶದಲ್ಲಿ ಮೂರು ಮೂರು ಬಿಟ್‌ಗಳನ್ನು ತುಂಬಿದ್ದರಿಂದ ವಿದ್ಯುದಂಶ ತುಸು ಜಾರಿದರೂ ಅಕ್ಷರ ಅಸ್ಪಷ್ಟವಾಗಿ, ಮತ್ತೆ ಮತ್ತೆ ಓದಿ ನೋಡಬೇಕಾಗುತ್ತಿತ್ತು. 2014ರ ಅಕ್ಟೋಬರಿನಲ್ಲಿ ಬಂದ ಪರಿಹಾರ ಬಹುಕಾಲ ನಿಲ್ಲಲಿಲ್ಲ. ಹಳೆಯ ಬರೆಹವನ್ನು ಆಗಾಗ ತಾನೇ ಹೊಸದಾಗಿ ಬರೆದುಕೊಳ್ಳುವ ಎರಡನೆಯ ತಿದ್ದುಪಡಿ 2015ರಲ್ಲಿ ಬಂತು.

ಕಲಬುರಗಿ ಸೀಮೆಯ ಬಿಸಿಲನ್ನೂ ಮರೆಯುವಂತಿಲ್ಲ. ಮಿತಿಮೀರಿ ಕಾದರೆ ಎಸ್‌ಎಸ್‌ಡಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ಬೇಕಾದುದು ತಂತ್ರಾಂಶವಲ್ಲ, ಗಾಳಿ.

ಹಾಗಾದರೆ ದಂಡೋತಿಯ ಹುಡುಗ ಮಾಡಬೇಕಾದುದೇನು? ಮೊದಲು ಚಿಕಿತ್ಸೆಯಲ್ಲ, ನಕಲು. ಟ್ರಿಮ್ ಆದ ಕಡತವನ್ನು ಮರಳಿ ಪಡೆಯುವ ಆಸೆಯನ್ನು ಬಿಡಬೇಕಾದುದರಿಂದ, ಈ ಕ್ರಮವನ್ನು ಹಿಂದುಮುಂದು ಮಾಡಿ ಅತ್ತವರಿದ್ದಾರೆ. ಅನಂತರ ‘ಸ್ಮಾರ್ಟ್’ ಎಂಬ ಆರೋಗ್ಯವರದಿಯನ್ನು ನೋಡಬೇಕು. ಕೆಟ್ಟ ಕಟ್ಟುಗಳ ಸಂಖ್ಯೆ ಏರುತ್ತಿದ್ದರೆ ಮುದುಕನ ಮಾತೇ ನಿಜ, ಹೊಸದು ಬೇಕು. ವರದಿ ನೆಟ್ಟಗಿದ್ದರೆ ಎಷ್ಟು ಸ್ಥಳ ಬರಿದಾಗಿದೆಯೆಂದು ನೋಡಬೇಕು. ಅಂಗಡಿಯಲ್ಲಿ ನಾಲ್ಕು ವರ್ಷದ ಮದುವೆ ವಿಡಿಯೋಗಳು ಕಂಠಮಟ್ಟ ತುಂಬಿರುವುದು ಅಲ್ಲಿಯೇ ತಿಳಿಯುತ್ತದೆ! ಅವನ್ನು ಸಾಮಾನ್ಯ ಹಾರ್ಡ್ ಡಿಸ್ಕಿಗೆ ಸಾಗಿಸಿ, ಐದರಲ್ಲೊಂದು ಪಾಲನ್ನು ಬರಿದಾಗಿಟ್ಟು, ವಿಂಡೋಸ್‌ನ ‘ಆಪ್ಟಿಮೈಜ್’ ಗುಂಡಿಯನ್ನೊತ್ತಿ, ರಾತ್ರಿ ಯಂತ್ರವನ್ನು ಆರಿಸದೆ ಬಿಟ್ಟರೆ ಕಸ ಗುಡಿಸುವ ಕೆಲಸವನ್ನು ಎಸ್‌ಎಸ್‌ಡಿ ತಾನೇ ಮಾಡಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿಗೆ ಮಾಡುತ್ತಿದ್ದ ಹಳೆಯ ಡಿಫ್ರಾಗ್ ಇಲ್ಲಿ ವ್ಯರ್ಥ. ಕೋಶಗಳನ್ನು ಸವೆಸುವುದಷ್ಟೇ ಲಾಭ. ಇಷ್ಟಕ್ಕೂ ಜಗ್ಗದಿದ್ದರೆ ತಯಾರಕರ ಉಪಕರಣದಿಂದ ‘ಸೆಕ್ಯೂರ್ ಇರೇಸ್’ ಮಾಡಿ, ಎಲ್ಲವನ್ನೂ ಹೊಸದಾಗಿ ತುಂಬುವುದು ಕಡೆಯ ಅಸ್ತ್ರ.

ಆದರೆ ಇದೆಲ್ಲ ಇಂದಿನ ರಾತ್ರಿಯ ಕೆಲಸ. ಸದ್ಯಕ್ಕೆ ಹುಡುಗ ಎರಡು ಮದುವೆಗಳನ್ನು ಹಾರ್ಡ್ ಡಿಸ್ಕಿಗೆ ಸಾಗಿಸುತ್ತಾನೆ. ಮುದುಕ ಪಹಣಿಯನ್ನು ಮಡಿಕೆ ಬಿಚ್ಚಿ ಮೇಜಿನ ಮೇಲಿಡುತ್ತಾನೆ.