ಎರವಲು ತಂದ ಕಿಡಿ

ಹಳೆಯ ಸ್ಕೂಟರಿನೊಡನೆ ಸಂಸಾರ ಮಾಡಿದವರು ಮಳೆಗಾಲದ ಮುಂಜಾವಿನ ಆ ವ್ಯಾಯಾಮವನ್ನು ಮರೆತಿರಲಾರರು. ಒದ್ದು ಒದ್ದು ಕಾಲು ಸೋತ ಮೇಲೆ ಪ್ಲಗ್ ಬಿಚ್ಚಿ ಒರೆಸುವುದು. ಅದಕ್ಕೂ ಬಗ್ಗದಿದ್ದರೆ ಮೆಕ್ಯಾನಿಕನನ್ನು ಕರೆಸಿ ‘ಪಾಯಿಂಟ್’ ಉಜ್ಜಿಸುವುದು. ಕೊನೆಗೆ ನೆರೆಮನೆಯ ಹುಡುಗರಿಂದ ತಳ್ಳಿಸುವುದು. ರಸ್ತೆಯಲ್ಲಿ ನಿಂತ ವಾಹನವನ್ನು ಹೀಗೆ ತಳ್ಳಬಹುದು. ಆದರೆ ನೀರಿನ ನಡುವೆ ದೋಣಿಯ ಯಂತ್ರ ಇದೇ ಹಟ ಹಿಡಿದರೆ ತಳ್ಳಲು ಬರುವವರಾರು?

ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿಗೂ ನಮ್ಮ ಹಳೆಯ ಸ್ಕೂಟರಿಗೂ ಹತ್ತಿರದ ನಂಟುಂಟು. ಅಮೆರಿಕದ ಮಿಲ್ವಾಕಿ ನಗರದಲ್ಲಿ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ಇಂತಹ ಎಂಜಿನ್ನುಗಳ ಉದ್ಯಮವನ್ನು ಆರಂಭಿಸಿದನು. ಮೆಚ್ಚಿದ ಹುಡುಗಿಗಾಗಿ ಸರೋವರ ದಾಟಿ ಐಸ್‌ಕ್ರೀಮ್ ತರಹೋದವನು, ಹುಟ್ಟುಹಾಕಿ ಹಿಂತಿರುಗುವಷ್ಟರಲ್ಲಿ ಅದು ಕರಗಿಹೋದುದನ್ನು ಕಂಡು ಈ ಯೋಚನೆಗೆ ತೊಡಗಿದನೆಂದು ಕಥೆ ಹೇಳುತ್ತಾರೆ.

1950–60ರ ದಶಕಗಳ ಇಂತಹ ಎಷ್ಟೋ ಎಂಜಿನ್ನುಗಳಿಗೆ ಬ್ಯಾಟರಿಯೇ ಬೇಕಿರಲಿಲ್ಲ. ಹಗ್ಗ ಎಳೆದೊಡನೆ ಮೇಲಿನ ಭಾರಚಕ್ರ ತಿರುಗುತ್ತದೆ. ಅದರೊಳಗಿನ ಅಯಸ್ಕಾಂತ ಕೆಳಗಿನ ತಂತಿಸುರುಳಿಯನ್ನು ಹಾದುಹೋಗುವಾಗ ವಿದ್ಯುತ್ತು ಹುಟ್ಟುತ್ತದೆ. ತಕ್ಕ ಗಳಿಗೆಯಲ್ಲಿ ಪಾಯಿಂಟುಗಳೆಂಬ ಎರಡು ಲೋಹದ ತುಟಿಗಳು ತೆರೆದುಕೊಂಡು ಆ ಹರಿವನ್ನು ಕಡಿಯುತ್ತವೆ. ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆ ತುಟಿಗಳ ನಡುವಿನ ಎಡೆಯೋ, ಅಂದಿನ ಜಾನ್ಸನ್, ಎವಿನ್‌ರೂಡ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಅಂಗುಲದ 50ರಲ್ಲಿ ಒಂದು ಪಾಲು! ಕಿಲುಬು ಹಿಡಿದರೂ ಸವೆದರೂ ಕಿಡಿ ಸೊರಗುತ್ತದೆ. ಅವನ್ನು ಬದಲಿಸಬೇಕಾದರೆ ಭಾರಚಕ್ರವನ್ನೇ ಕಳಚಬೇಕು. ಅದು ನಡುನೀರಿನಲ್ಲಿ ಮಾಡುವ ಕೆಲಸವಲ್ಲ.

ಕಾರುಗಳು ಈ ಕಾಟದಿಂದ ಮೊದಲೇ ಪಾರಾದುವು. ಕ್ರೈಸ್ಲರ್ ಸಂಸ್ಥೆ 1973ರ ತನ್ನ ಅಮೆರಿಕದ ಕಾರುಗಳಲ್ಲೂ, ಜನರಲ್ ಮೋಟರ್ಸ್ 1975ರ ಮಾದರಿಗಳಲ್ಲೂ ಪಾಯಿಂಟುಗಳನ್ನು ಬಿಟ್ಟು ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ತಂದುವು. ಅಂಗೈಯಲ್ಲಿ ಅಡಗುವ ಒಂದು ‘ಮಾಡ್ಯೂಲ್’ ಸವೆಯದೆ, ತುಕ್ಕು ಹಿಡಿಯದೆ ಹರಿವನ್ನು ಕಡಿಯುತ್ತದೆ. ಬೆಲೆ ಅಗ್ಗ, ಅಂಗಡಿಯಲ್ಲಿ ಸುಲಭ. ಹೀಗಿರಲು, ಹಳೆಯ ಔಟ್‌ಬೋರ್ಡನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿಗೆ ಅದನ್ನೇ ಎರವಲು ತರುವ ಆಸೆ ಹುಟ್ಟಿದುದು ಸಹಜವೇ.

ಆದರೆ ಎರವಲಿಗೂ ಒಂದು ವ್ಯಾಕರಣವಿದೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಸಂಧ್ಯಾ ಎಂಬುದು ಸಂಜೆಯಾಗಿ, ಯಾತ್ರಾ ಎಂಬುದು ಜಾತ್ರೆಯಾಗಿ ನಮ್ಮ ಮನೆಯ ಮಾತಾದುವು. ಬಂದ ಪದ ಮನೆಯ ರೀತಿಗೆ ಹೊಂದಿಕೊಂಡಿತು. ಯಂತ್ರದ ಬಿಡಿಭಾಗಕ್ಕೂ ಅದೇ ನ್ಯಾಯ.

ಮೊದಲನೆಯದಾಗಿ, ಕಾರಿನ ಮಾಡ್ಯೂಲಿಗೆ 12 ವೋಲ್ಟಿನ ಬ್ಯಾಟರಿ ಬೇಕು. ಹಳೆಯ ಯಂತ್ರ ಹಗ್ಗ ಎಳೆದಾಗಲೆಲ್ಲ ತನ್ನ ಕಿಡಿಯನ್ನು ತಾನೇ ಹೆತ್ತುಕೊಳ್ಳುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಬ್ಯಾಟರಿ ಬರಿದಾದರೆ ಎಷ್ಟು ಎಳೆದರೂ ಫಲವಿಲ್ಲ. ಎರಡನೆಯದಾಗಿ, ಔಟ್‌ಬೋರ್ಡಿನ ವೇಗದ ಹಿಡಿಯನ್ನು ತಿರುಗಿಸಿದಂತೆ ಪಾಯಿಂಟುಗಳಿರುವ ತಟ್ಟೆಯೂ ತಿರುಗಿ ಕಿಡಿಯ ಗಳಿಗೆಯನ್ನು ಹಿಂದುಮುಂದು ಮಾಡುತ್ತದೆ. ಪಾಯಿಂಟುಗಳಿಗೆ ಬದಲಾಗಿ ಇಡುವ ಸಂವೇದಕವನ್ನು ಆ ತಟ್ಟೆಯ ಮೇಲೆಯೇ ಕೂರಿಸಬೇಕು. ಇಲ್ಲವಾದರೆ ಕಿಡಿ ಇದ್ದೂ ಹೊತ್ತು ತಪ್ಪುತ್ತದೆ. ಇನ್ನು ಕಾಯಿಲ್ಲಿನ ವಿದ್ಯುತ್ ರೋಧ ಮಾಡ್ಯೂಲಿಗೆ ಹೊಂದದಿದ್ದರೆ, ಅಥವಾ ಶಾಖ ಹರಿದುಹೋಗಲು ಅಡಿಯಲ್ಲಿ ಲೋಹದ ತಳವಿಲ್ಲದಿದ್ದರೆ, ಮಾಡ್ಯೂಲು ಸುಟ್ಟುಹೋಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಎಂಜಿನ್ನನ್ನು ನಿಲ್ಲಿಸುವ ಬಗೆ. ಹೆಚ್ಚಿನವರು ಕಿಡಿ ಹಾರಿಸುವ ಚಿಂತೆಯಲ್ಲಿ ಮುಳುಗಿ ಇದನ್ನೇ ಮರೆಯುತ್ತಾರೆ. ಹಳೆಯ ವ್ಯವಸ್ಥೆಯಲ್ಲಿ ಸುರುಳಿಯ ತಂತಿಯನ್ನು ಎಂಜಿನ್ನಿನ ಲೋಹದ ಮೈಗೆ ಜೋಡಿಸಿದರೆ ಯಂತ್ರ ನಿಲ್ಲುತ್ತದೆ. ಕಾರಿನದರಲ್ಲಿ ಬ್ಯಾಟರಿಯ ದಾರಿಯನ್ನು ಕಡಿದರೆ ನಿಲ್ಲುತ್ತದೆ. ಒಂದರ ‘ಹೌದು’ ಇನ್ನೊಂದರ ‘ಅಲ್ಲ’! ಚಾಲಕನು ನೀರಿಗೆ ಬಿದ್ದಾಗ ಎಂಜಿನ್ ತಾನಾಗಿ ನಿಲ್ಲಲೆಂದು ಅವನ ಮೈಗೆ ಕಟ್ಟುವ ಹುರಿಯೊಂದುಂಟು. ಹುರಿ ಎಳೆದೊಡನೆ ಸ್ವಿಚ್ಚು ಕೆಲಸ ಮಾಡಬೇಕು. ಹಳೆಯ ಸ್ವಿಚ್ಚನ್ನು ಮೊದಲಿನಂತೆಯೇ ಬ್ಯಾಟರಿಯ ತಂತಿಗೂ ಎಂಜಿನ್ನಿನ ಮೈಗೂ ನಡುವೆ ಕಟ್ಟಿದರೆ, ಹುರಿ ಎಳೆದ ಕ್ಷಣವೇ ಶಾರ್ಟ್ ಸರ್ಕ್ಯೂಟ್. ಹತ್ತಿರದಲ್ಲೇ ಪೆಟ್ರೋಲಿನ ತೊಟ್ಟಿ. ಗಾಳಿಗಿಂತ ಭಾರವಾದ ಅದರ ಆವಿ ದೋಣಿಯ ತಳದಲ್ಲೇ ತಂಗುತ್ತದೆ. ಸ್ವಿಚ್ಚನ್ನು ಸುಮ್ಮನೆ ಬಿಟ್ಟುಬಿಟ್ಟರೋ, ಬಿದ್ದವನು ನೀರಿನಲ್ಲಿ, ದೋಣಿ ತನ್ನ ಪಾಡಿಗೆ ತಾನು, ತಿರುಗುವ ರೆಕ್ಕೆಯೊಡನೆ. ಆದುದರಿಂದ ಸ್ವಿಚ್ಚನ್ನು ಬದಲಿಸಿ, ಫ್ಯೂಸ್ ಸೇರಿಸಿ, ದಡದಲ್ಲಿ ಕಟ್ಟಿದ ದೋಣಿಯಲ್ಲೇ ಹುರಿ ಎಳೆದು ಪರೀಕ್ಷಿಸಿದ ಹೊರತು ನೀರಿಗಿಳಿಯಬಾರದು.

ಹಾಗಾದರೆ ಈ ಸಾಹಸವೇ ಬೇಡವೆ? ಬೇಡವೆನ್ನಲಾರೆ. ಪಾಯಿಂಟುಗಳನ್ನು ತೆಗೆಯದೆ, ಮಾಡ್ಯೂಲಿಗೆ ಸೂಚನೆ ಕೊಡುವ ಕೆಲಸಕ್ಕೆ ಮಾತ್ರ ಅವನ್ನು ಇಟ್ಟುಕೊಳ್ಳುವ ನಡುದಾರಿಯೂ ಉಂಟು. ಅವುಗಳ ಮೂಲಕ ಹರಿಯುವ ವಿದ್ಯುತ್ತು ಅಲ್ಪವಾದುದರಿಂದ ಬೇಗ ಸುಡುವುದಿಲ್ಲ. ಹಳೆಯದನ್ನು ಎಸೆಯದೆ ಬಾಳಿಸುವುದು ನಮ್ಮ ಮನೆಗಳಿಗೆ ಹೊಸ ಧರ್ಮವೇನೂ ಅಲ್ಲ. ಆದರೆ ತಂದುದು ಹೇಗೆ ಆರಂಭವಾಗುತ್ತದೆಂದು ಕೇಳುವ ಮುನ್ನ ಹೇಗೆ ನಿಲ್ಲುತ್ತದೆಂದು ಕೇಳಬೇಕು.

ಮತ್ತೆ, ಕಿಡಿ ಎಷ್ಟೇ ಹೊಸದಿರಲಿ, ದೋಣಿಯಲ್ಲಿ ಎರಡು ಹುಟ್ಟುಗಳಿರಲಿ. ಅವಕ್ಕೆ ಬ್ಯಾಟರಿ ಬೇಕಿಲ್ಲ.